ದಸರೆಯಿಂದ ಹಿಂದಕ್ಕೆ ಎಣಿಸಿ: ವರ್ಷದ ಕೈಕೆಲಸದ ಲೆಕ್ಕ

ವರ್ಷಕ್ಕೆ ಎಷ್ಟು ಕೆಲಸ ಮುಗಿಸಬೇಕು ಎಂದು ಮೊದಲೇ ಬರೆಯಬೇಡಿ. ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ ಎಂಬುದನ್ನು ಬರೆಯಿರಿ. ಎರಡು ವಾರ ಗೋಡೆಯ ಕ್ಯಾಲೆಂಡರಿನ ಮೇಲೆ, ಸೂಜಿಯೋ ಕುಂಚವೋ ಕೈಯಲ್ಲಿದ್ದ ಹೊತ್ತನ್ನು ಮಾತ್ರ ಗುರುತು ಹಾಕಿ. ವಾರಕ್ಕೆ 5 ಗಂಟೆ ಬಂದರೆ ವರ್ಷಕ್ಕೆ 260. ಮದುವೆ, ಮಕ್ಕಳ ಪರೀಕ್ಷೆ, ನೆಂಟರು, ಜ್ವರ ಇವಕ್ಕೆ ಮೂರರಲ್ಲೊಂದು ಪಾಲು ಕಳೆಯಿರಿ. ಉಳಿದ ಸುಮಾರು 170 ಗಂಟೆಯಷ್ಟೇ ನಿಮ್ಮ ಬಂಡವಾಳ.

ಆಮೇಲೆ ಬೀರುವಿನಲ್ಲಿರುವ ಅರ್ಧಂಬರ್ಧ ಕೆಲಸಗಳನ್ನೆಲ್ಲ ಹೊರಗೆ ತೆಗೆಯಿರಿ. ಮುಗಿಸುವಂಥವು ಒಂದು ಕಡೆ, ಬಿಚ್ಚಿ ದಾರ ಉಳಿಸಿಕೊಳ್ಳುವಂಥವು ಇನ್ನೊಂದು ಕಡೆ. ಎರಡು ವರ್ಷದಿಂದ ಮುಟ್ಟದೇ ಇರುವುದನ್ನು ಯಾರಿಗಾದರೂ ಕೊಟ್ಟುಬಿಡಿ.

ಹೊಸ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಬರುತ್ತದೆ. ಸೀರೆ ಕುಚ್ಚನ್ನೇ ನೋಡಿ. ಸೆರಗಿನ ಅಗಲ ಸುಮಾರು 46 ಇಂಚು. ಅರ್ಧ ಇಂಚಿಗೊಂದರಂತೆ 92 ಕುಚ್ಚು. ಒಂದಕ್ಕೆ 3 ನಿಮಿಷವಾದರೂ ಕಟ್ಟುವುದಕ್ಕೇ ನಾಲ್ಕೂವರೆ ಗಂಟೆ ದಾಟುತ್ತದೆ. ದಾರ ಸುತ್ತಿ ಕತ್ತರಿಸುವುದು, ಅಂಚು ಮಡಿಸುವುದು, ಕೊನೆಗೆ ತುದಿ ಸಮ ಮಾಡುವುದು ಸೇರಿದರೆ ಏಳು ಗಂಟೆ ಇಟ್ಟುಕೊಳ್ಳಬೇಕು. ಮಣಿ ಪೋಣಿಸಿದ ಕ್ರೋಶಾ ಕುಚ್ಚಾದರೆ ಇದು ಎರಡು ಪಟ್ಟನ್ನೂ ಮೀರಬಹುದು. ಹಾಗಾಗಿ ಹಳೆಯ ಬಟ್ಟೆಯ ಮೇಲೆ ಹತ್ತು ಕುಚ್ಚು ಕಟ್ಟಿ, ಗಡಿಯಾರ ನೋಡಿ, ಆಮೇಲೆ ಗುಣಿಸಿ. ಅದೇ ಹತ್ತನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ. ಬಣ್ಣ ಬಿಡುವ ದಾರ ಅಲ್ಲೇ ಗೊತ್ತಾಗುತ್ತದೆ, ರೇಷ್ಮೆ ಸೀರೆ ಉಳಿಯುತ್ತದೆ.

ಇನ್ನು ಕ್ಯಾಲೆಂಡರು. ಮೈಸೂರು, ಮಂಡ್ಯದ ಮನೆಗಳಲ್ಲಿ ವರ್ಷದ ದೊಡ್ಡ ಗಡುವು ಡಿಸೆಂಬರಲ್ಲ, ನವರಾತ್ರಿಯ ಪಾಡ್ಯ. ಅಂದು ಗೊಂಬೆ ಕೂರಿಸಬೇಕು. ಪಟ್ಟದ ಗೊಂಬೆಗಳ ಜೊತೆಗೆ ಈ ಸಲ ಕಾಗದದ ಮುದ್ದೆಯಲ್ಲಿ ಹೊಸ ಗೊಂಬೆಗಳನ್ನು ಮಾಡುವುದಾದರೆ ಪಾಡ್ಯದಿಂದ ಹಿಂದಕ್ಕೆ ಎಣಿಸಿ: ಒಂದು ವಾರ ಮುಂಚೆ ಎಲ್ಲವೂ ಸಿದ್ಧ, ಬಟ್ಟೆ ಉಡಿಸುವುದು ಭಾದ್ರಪದದಲ್ಲಿ, ಬಣ್ಣ ಹಚ್ಚುವುದು ಮೇ ತಿಂಗಳ ಒಳಗೆ, ಮುದ್ದೆಯ ಹಸಿ ಕೆಲಸ ಫೆಬ್ರುವರಿ, ಮಾರ್ಚ್‌ನಲ್ಲೇ. ಈ ಕ್ರಮವನ್ನು ತಲೆಕೆಳಗು ಮಾಡಲೇಬೇಡಿ. ಮಳೆಗಾಲದಲ್ಲಿ ಮೆತ್ತಿದ ಗೊಂಬೆಯ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ತೇವ ಹೊರಬರಲು ದಾರಿ ಸಿಗದೆ ಬಣ್ಣ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಬಿಸಿಲಿನ ತಿಂಗಳಲ್ಲೂ ಒಂದೇ ಸಲ ದಪ್ಪಗೆ ಮೆತ್ತದೆ ತೆಳು ಪದರ ಹಾಕಿ, ಪೂರ್ತಿ ಒಣಗಿಸಿ, ಮತ್ತೆ ಮೆತ್ತಿ. ಮುದ್ದೆಗೆ ಮೆಂತ್ಯದ ಹಿಟ್ಟು ಸೇರಿಸಿದರೆ ಹುಳು ಬೀಳುವುದು ಕಡಿಮೆ. ಹಿಂದೆ ಬುಟ್ಟಿ, ಮೊರಗಳಿಗೆ ಕಾಗದ ಮೆತ್ತುತ್ತಿದ್ದವರು ಮೆಂತ್ಯ ಬಳಸುತ್ತಿದ್ದರು.

ಆಷಾಢದಲ್ಲಿ ಮದುವೆಗಳಿಲ್ಲ, ಓಡಾಟ ಕಡಿಮೆ. ಕುಚ್ಚು, ಕಸೂತಿ, ಬಾಗಿಲ ತೋರಣದಂಥ ಕೂತು ಮಾಡುವ ಕೆಲಸಕ್ಕೆ ಆ ತಿಂಗಳನ್ನು ಕಾದಿರಿಸಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಉಡುವ ಸೀರೆಯ ಕುಚ್ಚು ಆಷಾಢ ಅಮಾವಾಸ್ಯೆಯ ಒಳಗೆ ಮುಗಿಯಲಿ. ಶ್ರಾವಣ ಬಂದ ಮೇಲೆ ಮನೆ ಕೆಲಸವೇ ಕೈತುಂಬ ಇರುತ್ತದೆ.

ದಾರ ತರಲು ಮೈಸೂರಿನ ದೇವರಾಜ ಅರಸು ರಸ್ತೆಗೋ ಮಂಡ್ಯದ ವಿ.ವಿ. ರಸ್ತೆಗೋ ಹೋಗುವಾಗ ಸೀರೆಯನ್ನೇ ಒಯ್ಯಿರಿ, ಬಣ್ಣವನ್ನು ಅಂಗಡಿಯ ದೀಪದಲ್ಲಲ್ಲ, ಹಗಲ ಬೆಳಕಿನಲ್ಲಿ ಹೊಂದಿಸಿ. ಒಂದು ಕೆಲಸಕ್ಕೆ ಬೇಕಾದಷ್ಟನ್ನೂ ಒಂದೇ ಸಲ, ಒಂದು ಉಂಡೆ ಹೆಚ್ಚಿಗೆ ತನ್ನಿ. ತಿಂಗಳು ಬಿಟ್ಟು ಹೋದರೆ ಅದೇ ನಂಬರಿನ ದಾರವೂ ಬೇರೆ ಸಲ ಬಣ್ಣ ಅದ್ದಿದ್ದಾಗಿರಬಹುದು, ಸೆರಗಿನ ನಡುವೆ ಛಾಯೆ ಬದಲಾಗಿ ಕಾಣಬಹುದು.

ಒಂದು ದೊಡ್ಡ ಕೆಲಸ, ಮೂರು ನಡುವಿನವು, ಉಳಿದವು ಸಣ್ಣ ಉಡುಗೊರೆಗಳು. 170 ಗಂಟೆಗೆ ಇಷ್ಟು ಸಾಕು. ಯುಗಾದಿಗೆ ಒಮ್ಮೆ, ಆಷಾಢಕ್ಕೆ ಒಮ್ಮೆ ಪಟ್ಟಿ ತೆಗೆದು ನೋಡಿ. ಹಿಂದೆ ಬಿದ್ದಿದ್ದರೆ ರಾತ್ರಿ ನಿದ್ದೆ ಕೆಡಬೇಡಿ, ಒಂಬತ್ತು ಹೊಸ ಗೊಂಬೆಗಳನ್ನು ಐದಕ್ಕೆ ಇಳಿಸಿ.

ಮುಂದಿನ ವರ್ಷದ ಪಟ್ಟಿಗೆ ಸರಿಯಾದ ಹೊತ್ತು ಗೊಂಬೆಗಳನ್ನು ಎತ್ತಿಡುವ ದಿನ. ಯಾವುದರ ಬಣ್ಣ ಎದ್ದಿದೆ, ಯಾವುದರ ಸೀರೆ ಮಾಸಿದೆ ಎಂದು ಚೀಟಿಯಲ್ಲಿ ಬರೆದು, ಹಳೆಯ ಪಂಚೆಯಲ್ಲಿ ಸುತ್ತಿದ ಗೊಂಬೆಯ ಜೊತೆಗೇ ಪೆಟ್ಟಿಗೆಯಲ್ಲಿಡಿ. ಅದರ ನಕಲೊಂದು ಹೊಲಿಗೆ ಡಬ್ಬಿಯಲ್ಲಿರಲಿ.