ಆಕಾಶದಿಂದ ಬಿದ್ದ ಕಲ್ಲೋ, ನಮ್ಮ ನೆಲದ್ದೋ? ಗುರುತಿಸುವುದು ಹೇಗೆ, ಕೂಡಿಡುವುದು ಹೇಗೆ

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ದೊಡ್ಡಪ್ಪನ ಮನೆಯ ತುಳಸಿಕಟ್ಟೆ ಪಕ್ಕ ಒಂದು ಕರಿ ಕಲ್ಲಿತ್ತು. ತೆಂಗಿನಕಾಯಿಯಷ್ಟು ದಪ್ಪ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಹೊಲ ಉಳುವಾಗ ನೇಗಿಲಿಗೆ ಸಿಕ್ಕಿದ್ದು. "ಮೇಲಿಂದ ಬಿದ್ದದ್ದು ಕಣೋ ಇದು" ಎಂದು ದೊಡ್ಡಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು. ನನಗೆ ಕಲ್ಲು ಕೂಡಿಡುವ ಹುಚ್ಚು ಹತ್ತಿದ್ದು ಆ ಕಲ್ಲಿನಿಂದಲೇ. ಅದು ನಿಜಕ್ಕೂ ಏನು ಅಂತ ತಿಳಿಯುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ಮನೆಯಲ್ಲಿ ಇರುವ ಸಾಮಾನಿನಲ್ಲೇ ಅದನ್ನು ಅರ್ಧ ದಿನದಲ್ಲಿ ತಿಳಿಯಬಹುದಿತ್ತು. ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಈ ಹವ್ಯಾಸದಲ್ಲಿ ಮುಖ್ಯವಾಗಿ ಮೂರು ಬಗೆಯ ಕಲ್ಲುಗಳಿವೆ. ಒಂದು, ಭೂಮಿಯೊಳಗೆ ಬೆಳೆದ ಹರಳುಗಳು. ಎರಡು, ಆಕಾಶದಿಂದ ಬಿದ್ದ ಉಲ್ಕಾಶಿಲೆಗಳು. ಮೂರು, ದೊಡ್ಡ ಉಲ್ಕಾಶಿಲೆ ಬಡಿದಾಗ ನಮ್ಮ ನೆಲದ ಕಲ್ಲೇ ಕರಗಿ, ಒಡೆದು, ಬೆರೆತು ಹೊಸದಾಗಿ ಹುಟ್ಟಿದ ಕಲ್ಲುಗಳು. ಪಲ್ಲಸೈಟ್ ಎಂಬ ಬಗೆಯಲ್ಲಿ ಉಲ್ಕಾಶಿಲೆಯೂ ಹರಳೂ ಒಟ್ಟಿಗೆ ಸಿಗುತ್ತವೆ, ಆ ಹರಳು ಮಾತ್ರ ಭೂಮಿಯದ್ದಲ್ಲ. ಕಬ್ಬಿಣ-ನಿಕ್ಕಲ್ ಲೋಹದ ನಡುವೆ ಹಸಿರು-ಹಳದಿ ಆಲಿವಿನ್ ಹರಳುಗಳು ಹುದುಗಿರುತ್ತವೆ. ತೆಳ್ಳಗೆ ಕೊಯ್ದ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ ಹೊಳೆಯುತ್ತದೆ. ಒಡವೆ ಅಂಗಡಿಯವರು ಪೆರಿಡಾಟ್ ಅನ್ನುವುದು ಇದೇ ಆಲಿವಿನ್‌ಗೆ.

ಮೊದಲು ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವ ಲೂಪ್. ಅಡುಗೆಮನೆಯ ಡಿಜಿಟಲ್ ತಕ್ಕಡಿ. ಒಂದು ಸಣ್ಣ ಮ್ಯಾಗ್ನೆಟ್, ನೂಲು, ಒಂದು ಅರ, ಮರಳು ಕಾಗದ, ಒಡೆದ ಬಿಳಿ ಟೈಲ್ಸ್ ಚೂರು, ಒಂದು ನೋಟ್‌ಬುಕ್. ಇಷ್ಟು ಸಾಕು. ಸುತ್ತಿಗೆ ಈಗಲೇ ಬೇಡ.

ಎಲ್ಲಿ ಹೆಕ್ಕಬಹುದು, ಎಲ್ಲಿ ಮುಟ್ಟಬಾರದು

ಹೊಲ, ತೋಟ, ಹಳ್ಳದ ದಂಡೆ, ರಸ್ತೆಗೆಂದು ಗುಡ್ಡ ಕಡಿದ ಜಾಗ ಇವೆಲ್ಲ ಶುರು ಮಾಡಲು ಒಳ್ಳೆಯವು. ಜಮೀನು ಯಾರದೋ ಅವರನ್ನು ಕೇಳಿಯೇ ಹೆಕ್ಕಿ. ಹರಳಿನ ಆಸೆ ಇದ್ದವರಿಗೆ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಪದರಗಲ್ಲುಗಳು ದೊಡ್ಡ ಪಾಠಶಾಲೆ. ಅಲ್ಲಿ ಗಾರ್ನೆಟ್, ಕಯನೈಟ್, ಸ್ಟಾರೊಲೈಟ್ ಹರಳುಗಳು ಕಲ್ಲಿನಿಂದ ಗುಳ್ಳೆಯ ಹಾಗೆ ಎದ್ದು ಕಾಣುತ್ತವೆ. ಬಹಳಷ್ಟು ಉಂಗುರಕ್ಕೆ ಕೂರಿಸುವಂಥವಲ್ಲ. ಆದರೆ ಹರಳು ಹೇಗೆ ಬೆಳೆಯುತ್ತದೆ ಎಂದು ಕಣ್ಣಾರೆ ನೋಡಲು ಅದಕ್ಕಿಂತ ಬೇಕಾ?

ಕಾಡಿನಲ್ಲಿ, ಗಣಿಯಲ್ಲಿ ಅನುಮತಿ ಇಲ್ಲದೆ ಕಲ್ಲು ತೆಗೆಯುವಂತಿಲ್ಲ. ಲಾಲ್‌ಬಾಗಿನ ಬಂಡೆ, ಚಿತ್ರದುರ್ಗ ಜಿಲ್ಲೆ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಮಲ್ಪೆ ಸಮುದ್ರದಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿಂದ ಒಂದು ಚಕ್ಕೆಯನ್ನೂ ಎಬ್ಬಿಸಬೇಡಿ. ಸೇಂಟ್ ಮೇರೀಸ್‌ನಿಂದ ಬಂದವರ ಚೀಲದಲ್ಲಿ ಕಂಬಗಲ್ಲಿನ ಚೂರು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪರೀಕ್ಷೆ: ಒಂದಾದ ಮೇಲೆ ಒಂದು

ಕರಿ ಕಲ್ಲು ಸಿಕ್ಕಿದೆ, ಭಾರ ಇದೆ. ಉಲ್ಕಾಶಿಲೆಯಾ? ಅವಸರ ಬೇಡ. ನಮ್ಮ ರಾಜ್ಯದಲ್ಲಿ ಕಬ್ಬಿಣದ ಅದಿರು ಜಾಸ್ತಿ. ಸಂಡೂರು, ಚಿತ್ರದುರ್ಗ, ಕುದುರೆಮುಖದ ಕಡೆ ಭಾರದ ಕರಿ ಕಲ್ಲು ಸಿಗುವುದು ಹೊಸದೇನಲ್ಲ. ಹಾಗಾಗಿ ಪ್ರತಿ ಕಲ್ಲನ್ನೂ ಒಂದೊಂದಾಗಿ ಜರಡಿ ಹಿಡಿಯಬೇಕು.

ಮೊದಲು ಸುಮ್ನೆ ನೋಡಿ. ಉಲ್ಕಾಶಿಲೆ ಗಾಳಿಯಲ್ಲಿ ಉರಿಯುತ್ತ ಬರುವಾಗ ಅದರ ಹೊರಮೈ ಕರಗಿ ತೆಳ್ಳಗಿನ ಕರಿ ಹೊಟ್ಟು ಕಟ್ಟುತ್ತದೆ. ಸೀದ ದೋಸೆಯ ಅಂಚಿನಂತೆ ಅದು ಹೊರಗೆ ಮಾತ್ರ. ಎಲ್ಲಾದರೂ ಚಕ್ಕೆ ಎದ್ದಿದ್ದರೆ ಒಳಗೆ ಸಾಮಾನ್ಯವಾಗಿ ಬೂದುಬಣ್ಣ ಕಾಣಿಸುತ್ತದೆ. ಮೂಲೆಗಳು ಮೊನಚಾಗಿರದೆ ದುಂಡಗಾಗಿರುತ್ತವೆ. ಕೆಲವದರ ಮೇಲೆ ಹಿಟ್ಟಿಗೆ ಹೆಬ್ಬೆರಳು ಒತ್ತಿದಂಥ ತಗ್ಗುಗಳಿರುತ್ತವೆ. ಮೈತುಂಬ ಗುಳ್ಳೆ ಒಡೆದ ತೂತುಗಳಿದ್ದರೆ ಅದು ಉಲ್ಕಾಶಿಲೆ ಅಲ್ಲ ಅಂತಲೇ ತಿಳಿಯಿರಿ.

ಎರಡನೆಯದು ಗೀಟು. ಟೈಲ್ಸ್‌ನ ಹಿಂಬದಿಗೆ ಹೊಳಪು ಇರುವುದಿಲ್ಲ, ಅದರ ಮೇಲೆ ಕಲ್ಲಿನ ಮೂಲೆಯನ್ನು ಗಟ್ಟಿಯಾಗಿ ಎಳೆಯಿರಿ. ಇಟ್ಟಿಗೆ ಕೆಂಪು ಗೀಟು ಬಿದ್ದರೆ ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಪೆನ್ಸಿಲಿನಂಥ ಕಪ್ಪು ಗೀಟು ಬಿದ್ದರೆ ಮ್ಯಾಗ್ನೆಟೈಟ್. ತುಕ್ಕು ಹಿಡಿಯದ ಉಲ್ಕಾಶಿಲೆ ಸಾಮಾನ್ಯವಾಗಿ ಗೀಟೇ ಬಿಡುವುದಿಲ್ಲ. ಜನ ತಂದು ತೋರಿಸುವ ಕಲ್ಲುಗಳಲ್ಲಿ ಹೆಚ್ಚಿನವು ಈ ಹಂತದಲ್ಲೇ ನಿಂತುಹೋಗುತ್ತವೆ.

ಮೂರನೆಯದು ಮ್ಯಾಗ್ನೆಟ್. ಅದನ್ನು ಕಲ್ಲಿಗೆ ಅಂಟಿಸಬೇಡಿ. ನೂಲಿಗೆ ಕಟ್ಟಿ ಕಲ್ಲಿನ ಹತ್ತಿರ ತೂಗುಬಿಡಿ, ಎಳೆಯಿತಾ ನೋಡಿ. ಯಾಕೆಂದರೆ ಕೆಲವು ಉಲ್ಕಾಶಿಲೆಗಳಲ್ಲಿ ಅವು ಹುಟ್ಟಿದ ಜಾಗದ ಹಳೆಯ ಕಾಂತಕ್ಷೇತ್ರದ ಗುರುತು ಉಳಿದಿರುತ್ತದೆ. ಈಗ ಸಿಗುವ ಜೋರಾದ ನಿಯೋಡೈಮಿಯಮ್ ಮ್ಯಾಗ್ನೆಟ್ ಒಮ್ಮೆ ತಾಕಿದರೂ ಆ ಗುರುತು ಅಳಿಸಿಹೋಗುತ್ತದೆ. ಕೋಟ್ಯಂತರ ವರ್ಷ ಉಳಿದು ಬಂದದ್ದನ್ನು ನಾವು ಒಂದು ಕ್ಷಣದಲ್ಲಿ ಹಾಳು ಮಾಡಬಾರದು ಅಲ್ವಾ? ಹೆಚ್ಚಿನ ಉಲ್ಕಾಶಿಲೆಗಳಲ್ಲಿ ಲೋಹ ಇರುವುದರಿಂದ ಎಳೆತ ಗೊತ್ತಾಗುತ್ತದೆ. ಚಂದ್ರ, ಮಂಗಳದಿಂದ ಬಂದವುಗಳಲ್ಲಿ ಲೋಹ ತೀರಾ ಕಡಿಮೆ. ಆದರೆ ಅವು ಬಹಳ ಅಪರೂಪ.

ನಾಲ್ಕನೆಯದು ನನಗೆ ಇಷ್ಟದ್ದು. ಕಲ್ಲನ್ನು ತೂಗಿ ಬರೆದಿಡಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಬೋಗುಣಿ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲನ್ನು ನೂಲಿಗೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಕಲ್ಲಿನ ತೂಕ 350 ಗ್ರಾಂ, ನೀರಿನಲ್ಲಿ ಕಂಡದ್ದು 100 ಅಂದುಕೊಳ್ಳಿ. ಉತ್ತರ 3.5. ಗ್ರಾನೈಟ್ ಆದರೆ ಸುಮಾರು 2.7 ಬರುತ್ತದೆ. ಹೆಮಟೈಟ್, ಮ್ಯಾಗ್ನೆಟೈಟ್ ಶುದ್ಧವಾಗಿದ್ದರೆ 5ರ ಆಸುಪಾಸು. ಸಾಮಾನ್ಯ ಕಲ್ಲಿನ ಉಲ್ಕಾಶಿಲೆಗಳು 3.2ರಿಂದ 3.8ರ ನಡುವೆ ನಿಲ್ಲುತ್ತವೆ, ಪೂರ್ತಿ ಕಬ್ಬಿಣದವು 7.5 ದಾಟುತ್ತವೆ. ತುಂಬ ಮೆತ್ತಗಿನ, ಪುಡಿ ಉದುರುವ ಕಲ್ಲಾದರೆ ನೀರಿಗೆ ಹಾಕಬೇಡಿ.

ಇಷ್ಟರಲ್ಲೂ ಗೆದ್ದರೆ ಮಾತ್ರ ಅರ ಕೈಗೆ ತಗೊಳ್ಳಿ. ಒಂದು ಮೂಲೆಯಲ್ಲಿ ಕಡಲೆಬೇಳೆಯಷ್ಟು ಜಾಗ ಉಜ್ಜಿ, ಮರಳು ಕಾಗದದಿಂದ ನುಣುಪು ಮಾಡಿ, ಲೂಪ್ ಹಿಡಿದು ನೋಡಿ. ಬೂದು ಮೈಯಲ್ಲಿ ಬೆಳ್ಳಿಯ ಚುಕ್ಕಿಯಂತೆ ಲೋಹದ ಕಣಗಳು, ಅವುಗಳ ನಡುವೆ ಸಾಸಿವೆ ಕಾಳಿನಂಥ ದುಂಡು ಗುಂಡುಗಳು ಕಂಡರೆ ಎದೆ ಬಡಿತ ಜೋರಾಗುವುದು ಸಹಜ. ಆ ಗುಂಡುಗಳ ಹೆಸರು ಕಾಂಡ್ರೂಲ್. ಸುಮಾರು 456 ಕೋಟಿ ವರ್ಷಗಳ ಹಿಂದೆ, ಭೂಮಿ ಇನ್ನೂ ಪೂರ್ತಿ ರೂಪುಗೊಳ್ಳುವ ಮೊದಲೇ, ಸೂರ್ಯನ ಸುತ್ತ ತೇಲುತ್ತ ಗಟ್ಟಿಯಾದ ಹನಿಗಳು ಅವು. ಭೂಮಿಯ ಕಲ್ಲುಗಳಲ್ಲಿ ಅವು ಇರುವುದಿಲ್ಲ.

ದೊಡ್ಡಪ್ಪನ ಕಲ್ಲನ್ನು ನಾನು ಕೊನೆಗೂ ತೊಳೆದು ನೋಡಿದಾಗ ಮೊದಲ ಹಂತದಲ್ಲೇ ಉತ್ತರ ಸಿಕ್ಕಿತು. ಕೆಳಗಿನ ಮೈತುಂಬ ಗುಳ್ಳೆ ಒಡೆದ ತೂತುಗಳು. ಒಂದು ಕಡೆ ಗಾಜಿನಂತೆ ಹರಿದು ಗಟ್ಟಿಯಾದ ಗುರುತು. ಅದು ಕಬ್ಬಿಣದ ಕಿಟ್ಟ, ಅದಿರು ಕರಗಿಸಿದಾಗ ಉಳಿಯುವ ಕಸ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹೊಲದ ಬದಿಗೆ ಕುಲುಮೆ ಇತ್ತು ಅಂತ ನಮ್ಮಪ್ಪ ಹೇಳ್ತಿದ್ರು. ನಾನು ನಂಬಿರ್ಲಿಲ್ಲ" ಅಂದರು.

ಕೊಳ್ಳುವಾಗ

ಹೆಕ್ಕಿದ್ದರಲ್ಲಿ ಉಲ್ಕಾಶಿಲೆ ಸಿಗುವುದು ಅಪರೂಪ. ಹಾಗಾಗಿ ಬಹುತೇಕ ಸಂಗ್ರಹಕಾರರು ಕೊಳ್ಳುತ್ತಾರೆ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಇದರ ಹೆಸರೇನು?" ಒಪ್ಪಿತವಾದ ಪ್ರತಿ ಉಲ್ಕಾಶಿಲೆಗೂ ಬಿದ್ದ ಅಥವಾ ಸಿಕ್ಕ ಊರಿನ ಹೆಸರು ಇರುತ್ತದೆ. ಸಹರಾ ಮರುಭೂಮಿಯಲ್ಲಿ ಸಿಕ್ಕ ಸಾವಿರಾರು ಕಲ್ಲುಗಳಿಗೆ ಎನ್‌ಡಬ್ಲ್ಯುಎ (ನಾರ್ತ್‌ವೆಸ್ಟ್ ಆಫ್ರಿಕಾ, ಅಂದರೆ ವಾಯವ್ಯ ಆಫ್ರಿಕಾ) ಎಂಬ ಅಕ್ಷರಗಳ ಜತೆ ಸಂಖ್ಯೆ ಕೊಟ್ಟಿದ್ದಾರೆ. ಈ ಹೆಸರುಗಳನ್ನು ಒಪ್ಪುವ ವಿಜ್ಞಾನಿಗಳ ಸಂಘ ಮೀಟಿಯೊರಿಟಿಕಲ್ ಸೊಸೈಟಿಯ ಪಟ್ಟಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುತ್ತದೆ, ಹೆಸರು ಹಾಕಿ ನೋಡಿ. 1866ರಲ್ಲಿ ನಮ್ಮ ಉಡುಪಿಯಲ್ಲಿ ಬಿದ್ದ ಕಲ್ಲೂ ಅದರಲ್ಲಿದೆ. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳ ಗ್ರಹದ್ದು. ಅಂಥ ಒಂದು ಇಡೀ ಬಗೆಗೆ ಶೆರ್ಗೊಟೈಟ್ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಹೆಸರಾಗಲಿ ಸಂಖ್ಯೆಯಾಗಲಿ ಹೇಳದೆ ಬರೀ "ಒರಿಜಿನಲ್" ಎನ್ನುವವರಿಂದ ಕೊಳ್ಳಬೇಡಿ.

ತುಂಬ ಮೋಸ ನಡೆಯುವುದು ಮೊಲ್ಡವೈಟ್‌ನಲ್ಲಿ. ಸುಮಾರು 1.5 ಕೋಟಿ ವರ್ಷಗಳ ಹಿಂದೆ ಜರ್ಮನಿಯ ರೀಸ್ ಎಂಬಲ್ಲಿ ಉಲ್ಕಾಶಿಲೆ ಬಡಿದು 24 ಕಿಲೋಮೀಟರ್ ಅಗಲದ ಕುಳಿ ಆಯಿತು. ಆಗ ಕರಗಿ ಸಿಡಿದ ಮಣ್ಣು ನೂರಾರು ಕಿಲೋಮೀಟರ್ ಹಾರಿ, ಈಗಿನ ಚೆಕ್ ದೇಶದಲ್ಲಿ ಹಸಿರು ಗಾಜಾಗಿ ಬಿತ್ತು. ಅದೇ ಮೊಲ್ಡವೈಟ್. ನಾನೂ ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿ ಮೋಸ ಹೋಗಿದ್ದೇನೆ. ಬಂದದ್ದು ಸೋಡಾ ಬಾಟಲಿಯಂಥ ಹಸಿರು, ಒದ್ದೆಯಾದಂತೆ ಹೊಳಪು. ಅದೇ ಅಂಗಡಿಯ ಇನ್ನೊಂದು ಫೋಟೋದಲ್ಲಿ ಅಚ್ಚಿನಲ್ಲಿ ಹೊಯ್ದಂತೆ ಅದೇ ಆಕಾರದ ಮತ್ತೊಂದು ಕಲ್ಲು. ಅಸಲಿ ಮೊಲ್ಡವೈಟ್ ಒಳಗೆ ಲೂಪ್ ಹಿಡಿದು ನೋಡಿದರೆ ಎಳೆದಂತೆ ಉದ್ದವಾದ ಗುಳ್ಳೆಗಳೂ ಸೇವಿಗೆ ಎಳೆಯಂತೆ ಸುರುಳಿಯಾದ ಗೆರೆಗಳೂ ಕಾಣುತ್ತವೆ.

ಬೆಲೆಬಾಳುವ ಹರಳು ಕೊಳ್ಳುವುದಾದರೆ ರತ್ನ ಪರೀಕ್ಷೆಯ ಲ್ಯಾಬಿನ ಸರ್ಟಿಫಿಕೇಟ್ ಕೇಳಿ. ಬಣ್ಣ ನೋಡಿ ಮಾಣಿಕ್ಯ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಬಡಿತದಿಂದ ಹುಟ್ಟಿದ ಕಲ್ಲುಗಳು

ಇವನ್ನು ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟ. ಕಲ್ಲಿನೊಳಗಿನ ಕ್ವಾರ್ಟ್ಜ್‌ನಲ್ಲಿ ಆಘಾತದ ಗೆರೆಗಳಿವೆಯಾ ಎಂದು ಮೈಕ್ರೊಸ್ಕೋಪಿನಲ್ಲೇ ನೋಡಬೇಕು. ಕೈಯಲ್ಲಿ ಹಿಡಿದು ಗುರುತಿಸಬಹುದಾದದ್ದು ಶಾಟರ್ ಕೋನ್ ಒಂದೇ. ಒಂದು ತುದಿಯಿಂದ ಕುದುರೆ ಬಾಲದಂತೆ ಹರಡಿದ ಗೆರೆಗಳಿರುವ ಕಲ್ಲು ಅದು. ರೀಸ್ ಕುಳಿಯೊಳಗೇ ನೋರ್ಡ್ಲಿಂಗೆನ್ ಎಂಬ ಊರಿದೆ. ಅಲ್ಲಿನ ಚರ್ಚನ್ನು ಕಟ್ಟಿದ್ದು ಸೂಯವೈಟ್ ಎಂಬ ಬಡಿತದ ಕಲ್ಲಿನಿಂದ. 1960ರಲ್ಲಿ ಆ ಕುಳಿಯ ಕಲ್ಲಿನಲ್ಲಿ ಕೋಸೈಟ್, ಅಂದರೆ ಭಾರಿ ಒತ್ತಡದಲ್ಲಿ ಹುಟ್ಟುವ ಕ್ವಾರ್ಟ್ಜ್‌ನ ರೂಪ, ಸಿಕ್ಕ ಮೇಲೆ ಅದು ಜ್ವಾಲಾಮುಖಿಯ ಕುಳಿ ಅಲ್ಲ ಎಂದು ಖಾತ್ರಿಯಾಯಿತು.

ನಮಗೆ ಹತ್ತಿರದ ಬಡಿತದ ಕುಳಿ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್. ದಖ್ಖನ್‌ನ ಲಾವಾ ಕಲ್ಲಿನಲ್ಲಿ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ, ನಡುವೆ ಉಪ್ಪು ಕೆರೆ. ಒಮ್ಮೆ ಹೋಗಿ ಅಂಚಿನ ಮೇಲೆ ನಿಲ್ಲಿ. ಅದು ವನ್ಯಜೀವಿಧಾಮ, ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜೌಗು ತಾಣ ಕೂಡ. ಅಲ್ಲಿಂದ ಫೋಟೋ ಮಾತ್ರ ತನ್ನಿ.

ಕಣ್ಣೆದುರೇ ಬಿದ್ದರೆ

2017ರ ಜೂನ್‌ನಲ್ಲಿ ಜೈಪುರದ ಹತ್ತಿರದ ಮುಕುಂದಪುರದ ಹೊಲದಲ್ಲಿ ಬೆಳಗಿನ ಜಾವ ಒಂದು ಉಲ್ಕಾಶಿಲೆ ಬಿದ್ದು ಒಡೆಯಿತು. ಇಂಗಾಲ ಹೆಚ್ಚಿರುವ ಅಪರೂಪದ ಬಗೆ ಅದು. ನೀರು ಸೋಕಿದರೆ ಬೇಗ ಹಾಳಾಗುವಂಥದ್ದು. ಹಾಗಾಗಿ ತೊಳೆಯಬೇಡಿ, ಕುಂಕುಮ ಎಣ್ಣೆ ಹಚ್ಚಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಪಕ್ಕದಲ್ಲಿ ಪೆನ್ನು ಇಟ್ಟು ಬಿದ್ದ ಜಾಗದಲ್ಲೇ ಫೋಟೋ ತೆಗೆಯಿರಿ. ಹೊತ್ತು, ಬಂದ ದಿಕ್ಕು, ಕೇಳಿದ ಸದ್ದು ಬರೆದಿಡಿ. ಹೊಸ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಬೆಂಗಳೂರಿನಲ್ಲೂ ಅದರ ಕಚೇರಿ ಇದೆ. ಅವರಿಗೆ ತಿಳಿಸಿ.

ಜೋಪಾನ

ಕಬ್ಬಿಣ ಇರುವ ಉಲ್ಕಾಶಿಲೆಗೆ ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲವೇ ದೊಡ್ಡ ಶತ್ರು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ತಿಂಗಳಿಗೊಮ್ಮೆ ತೆಗೆದು ಕಿತ್ತಳೆ ಬಣ್ಣದ ಚುಕ್ಕೆ ಬಿದ್ದಿದೆಯಾ ನೋಡಿ. ಮುಟ್ಟಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ ಇಡಿ. ಬೆವರಿನ ಉಪ್ಪು ತುಕ್ಕಿಗೆ ದಾರಿ.

ಕಲ್ಲಿಗೊಂದು ವಿಳಾಸ

ಕಲ್ಲು ಎಷ್ಟೇ ಚೆನ್ನಾಗಿರಲಿ, ಎಲ್ಲಿಂದ ಬಂತು ಎಂಬುದು ಕಳೆದುಹೋದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕಲ್ಲಿನ ಕಾಣದ ಮೂಲೆಯಲ್ಲಿ ಬಿಳಿ ಬಣ್ಣದ ಚುಕ್ಕೆ ಇಟ್ಟು, ಅದು ಒಣಗಿದ ಮೇಲೆ ಸಂಖ್ಯೆ ಬರೆಯಿರಿ. ಉಲ್ಕಾಶಿಲೆಯಾದರೆ ಬಣ್ಣ ಬೇಡ, ಸಂಖ್ಯೆ ಡಬ್ಬಿಯ ಮೇಲಿರಲಿ. ನೋಟ್‌ಬುಕ್ಕಿನಲ್ಲಿ ಅದೇ ಸಂಖ್ಯೆಯ ಮುಂದೆ ಊರು, ಸರ್ವೆ ನಂಬರ್ ಅಥವಾ ಮೊಬೈಲ್ ತೋರಿಸುವ ಅಕ್ಷಾಂಶ-ರೇಖಾಂಶ, ತಾರೀಕು, ಕೊಟ್ಟವರು ಯಾರು, ತೂಕ, ಮಾಡಿದ ಪರೀಕ್ಷೆ ಎಲ್ಲ ಇರಲಿ. ಕೊಂಡದ್ದಾದರೆ ಮಾರಿದವರ ಚೀಟಿಯನ್ನೂ ಅಂಟಿಸಿ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಹೀಗೆ: "1. ಕಬ್ಬಿಣದ ಕಿಟ್ಟ. ಕೆರೆ ಹಿಂದಿನ ಹೊಲ, ಬೇವಿನ ಮರದಿಂದ ಮೂಡಲಿಗೆ ನಲವತ್ತು ಹೆಜ್ಜೆ. ನೇಗಿಲಿಗೆ ಸಿಕ್ಕಿದ್ದು. ಕೊಟ್ಟವರು ದೊಡ್ಡಪ್ಪ. ಇಲ್ಲಿ ಕುಲುಮೆ ಇತ್ತು."