ಮಗಳ ಹೆಸರಿನ ಅರ್ಥ ನಿಜವೇ? ಮೂಲ ಹುಡುಕುವ ಬಗೆ

'ಕಿಯಾರಾ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಟಲಿಯ ಕಡೆಯಿಂದ ನೋಡಿದರೆ ಇದು ಲ್ಯಾಟಿನ್ ಭಾಷೆಯ 'ಕ್ಲಾರಾ'ದಿಂದ ಬಂದದ್ದು, ಅರ್ಥ 'ಬೆಳಗುವವಳು'. ಐರ್ಲೆಂಡಿನಲ್ಲಿ ಇದೇ ಕಾಗುಣಿತಕ್ಕೆ ಹತ್ತಿರದ ಇನ್ನೊಂದು ಹೆಸರಿದೆ, ಅವರು ಅದನ್ನು 'ಕೀರಾ' ಅನ್ನುತ್ತಾರೆ. ಅದರ ಮೂಲಪದದ ಅರ್ಥ 'ಕಪ್ಪು'. ಒಂದು ಬೆಳಕು, ಇನ್ನೊಂದು ಕಪ್ಪು. ಫೋನಿನಲ್ಲಿ ಸಿಗುವ ಹೆಸರಿನ ಪಟ್ಟಿಗಳು ಎರಡನ್ನೂ ಬೆರೆಸಿ ಒಂದೇ ಸಾಲಿನಲ್ಲಿ ಬರೆದುಬಿಡುತ್ತವೆ.

ಇಂಥ ಪಟ್ಟಿಗಳಲ್ಲಿ ಅರ್ಥ ಇರುತ್ತದೆ, ಆಧಾರ ಇರುವುದಿಲ್ಲ. ಒಂದು ಕಡೆ ತಪ್ಪು ಬರೆದದ್ದನ್ನು ಹತ್ತು ಕಡೆ ನಕಲು ಮಾಡಿರುತ್ತಾರೆ. ಹತ್ತು ಕಡೆ ಒಂದೇ ಅರ್ಥ ಕಂಡಿತೆಂದು ಅದು ನಿಜವಾಗುವುದಿಲ್ಲ. ಆದ್ದರಿಂದ ಯಾವ ಹೆಸರು ಮನಸ್ಸಿಗೆ ಬಂದರೂ ಒಂದು ಹಾಳೆಯಲ್ಲಿ ಬರೆದುಕೊಂಡು ಮೂರು ಪ್ರಶ್ನೆಗೆ ಉತ್ತರ ಹುಡುಕಿ: ಇದು ಯಾವ ಭಾಷೆಯದು? ಆ ಭಾಷೆಯಲ್ಲಿ ಯಾವ ಪದ? ಆ ಪದವನ್ನು ಹೆಸರಾಗಿ ಇಟ್ಟವರು ಏನನ್ನು ನೆನೆದು ಇಟ್ಟರು? ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ನಮ್ಮ ಸೀಮೆಯ ಹೆಸರುಗಳಲ್ಲಿ ಗುಟ್ಟೆಲ್ಲ ಇರುವುದು ಅಲ್ಲೇ.

ಮೊದಲು ಮನೆಯ ಹೆಸರು ಬಿಡಿಸಿ

ದೇಶವಿದೇಶದ ಹೆಸರಿಗೆ ಹೋಗುವ ಮುಂಚೆ ಅಜ್ಜಿ, ಮುತ್ತಜ್ಜಿಯರ ಹೆಸರಿನ ಮೇಲೆ ಕೈ ಪಳಗಿಸಿಕೊಳ್ಳಿ. ನಂಜಮ್ಮ ಅಂತ ಇದೆ ಅನ್ನಿ. ನಿಘಂಟು ತೆರೆದರೆ ನಂಜು ಎಂದರೆ ವಿಷ. ಅಷ್ಟಕ್ಕೇ ನಿಲ್ಲಿಸಿದವರು 'ಅಯ್ಯೋ, ವಿಷದಮ್ಮನೇ' ಎಂದು ಪುಸ್ತಕ ಮುಚ್ಚುತ್ತಾರೆ. ಆದರೆ ಹೆಸರು ಬಂದದ್ದು ನಂಜುಂಡನಿಂದ, ನಂಜನ್ನು ಉಂಡವನಿಂದ, ನಂಜನಗೂಡಿನ ದೇವರಿಂದ. ಮಗುವಿಗೆ ಇಟ್ಟದ್ದು ಆ ದೇವರ ಹೆಸರನ್ನು, ವಿಷವನ್ನಲ್ಲ. 1895ರಿಂದ 1902ರವರೆಗೆ ಮೈಸೂರು ಸಂಸ್ಥಾನದ ಆಡಳಿತ ನಡೆಸಿದ ಮಹಾರಾಣಿಯ ಹೆಸರು ಕೆಂಪನಂಜಮ್ಮಣ್ಣಿ. ಅದನ್ನೂ ಬಿಡಿಸಿ: ಕೆಂಪ, ನಂಜ, ಅಮ್ಮಣ್ಣಿ. ಮೂರೂ ಈ ಮಣ್ಣಿನ ಪದಗಳು. ಮೈಸೂರಿನಲ್ಲಿ ಹೆರಿಗೆಗೆಂದು ಎಲ್ಲರೂ ಬಲ್ಲ ಚೆಲುವಾಂಬಾ ಆಸ್ಪತ್ರೆಯ ಹೆಸರಿನಲ್ಲಿ ಮುಂದಿನ ಅರ್ಧ ಕನ್ನಡದ ಚೆಲುವು, ಹಿಂದಿನ ಅರ್ಧ ಸಂಸ್ಕೃತದ ಅಂಬಾ. ನಿಂಗಮ್ಮನಲ್ಲಿರುವ 'ನಿಂಗ' ಎಂದರೆ ಲಿಂಗವೇ, ನಾಲಿಗೆಗೆ ತಕ್ಕಂತೆ ಬದಲಾದದ್ದು.

ಕೆಲವು ಹೆಸರಿನ ಮೂಲ ಮನಸ್ಸಿಗೆ ನೋವು ತರುತ್ತದೆ. ಸಾಕಮ್ಮ ಎಂಬ ಹೆಸರಿನಲ್ಲಿರುವ 'ಸಾಕು' ಪದಕ್ಕೆ ಎರಡು ಅರ್ಥ. ಸಾಕಿ ಸಲಹುವುದು ಒಂದು, 'ಇನ್ನು ಸಾಕು' ಎನ್ನುವುದು ಇನ್ನೊಂದು. ಯಾವುದನ್ನು ನೆನೆದು ಇಟ್ಟರೆಂದು ನಿಘಂಟು ಹೇಳುವುದಿಲ್ಲ, ಮನೆಯ ಹಿರಿಯರನ್ನೇ ಕೇಳಬೇಕು. ಸಾಲಾಗಿ ಹೆಣ್ಣು ಹುಟ್ಟಿದಾಗ ಇಂಥ ಹೆಸರಿಡುವುದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಚೀನಾದಲ್ಲಿ 'ಝಾವೊದಿ' ಎಂಬ ಹೆಣ್ಣು ಹೆಸರಿದೆ, 'ತಮ್ಮನನ್ನು ಕರೆದು ತಾ' ಎಂದು ಅರ್ಥ. ಮಹಾರಾಷ್ಟ್ರದಲ್ಲಿ 'ನಕುಶಾ', ಅಂದರೆ 'ಬೇಡವಾದವಳು'. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಈ ಹೆಸರು ಹೊತ್ತ 280ಕ್ಕೂ ಹೆಚ್ಚು ಹುಡುಗಿಯರಿಗೆ ಒಟ್ಟಿಗೆ ಹೊಸ ಹೆಸರಿಟ್ಟರು. ಮನೆಯಲ್ಲಿ ಅಂಥ ಹೆಸರೊಂದು ಇದ್ದು ಅದನ್ನು ಮಗುವಿಗೆ ಮುಂದುವರಿಸುವ ಮಾತು ಬಂದರೆ, ಮೊದಲು ಅದರ ಕಾರಣ ತಿಳಿದುಕೊಳ್ಳಿ. ಕಾರಣ ಅದೇ ಆಗಿದ್ದರೆ ಆ ಭಾರವನ್ನು ಕೂಸಿನ ಮೇಲೆ ಹೊರಿಸಬೇಡಿ.

ಹಿರಿಯರ ಹೆಸರನ್ನು ಉಳಿಸಲೇಬೇಕು, ಆದರೆ ಹಾಗೇ ಇಡಲು ಮಗಳೂ ಅಳಿಯನೂ ಒಪ್ಪುತ್ತಿಲ್ಲ ಅನ್ನುವ ಮನೆಗಳು ಬೇಕಾದಷ್ಟು. ಆಗ ಹೆಸರಿನ ಸದ್ದನ್ನು ಬಿಟ್ಟು ಅರ್ಥವನ್ನು ಮುಂದಕ್ಕೆ ತನ್ನಿ. ಸಣ್ಣಮ್ಮನ ಮೊಮ್ಮಗಳು ತನ್ವಿ ಆಗಬಹುದು, ತನ್ವಿ ಎಂದರೂ ತೆಳ್ಳಗಿನವಳೇ. ಕೆಂಪಮ್ಮನಿಗೆ ಅರುಣಾ ಅಥವಾ ರೋಹಿಣಿ, ಎರಡರಲ್ಲೂ ಕೆಂಪಿದೆ. ಬೆಳ್ಳಮ್ಮನಿಗೆ ಗೌರಿ, ಶ್ವೇತಾ. ಮುತ್ತಮ್ಮನಿಗೆ ಮುಕ್ತಾ, ಒಂದೇ ಪದದ ಎರಡು ರೂಪ. 'ಮುತ್ತು' ಎಂಬ ಅರ್ಥವನ್ನೇ ಹಿಡಿದು ಹೊರಟರೆ ಗ್ರೀಕ್ ಮೂಲದ ಮಾರ್ಗರೆಟ್ ಎದುರಾಗುತ್ತಾಳೆ, ಅದೂ ಮುತ್ತೇ. ಮಾರ್ಗರೀಟಾ ಎಂಬ ಅದರ ರೂಪವನ್ನು ಮೊಟಕು ಮಾಡಿದ್ದೇ ರೀಟಾ. ರೀಟಾ ಹೆಸರಿಗೆ ಸಂಸ್ಕೃತದ 'ಋತ'ವನ್ನು ಗಂಟು ಹಾಕಿ 'ಸತ್ಯ' ಎಂದು ಅರ್ಥ ಬರೆಯುವವರಿದ್ದಾರೆ. ಸದ್ದು ಹೋಲುತ್ತದೆ, ಹುಟ್ಟು ಬೇರೆ.

ಹೊರಗಿನ ಹೆಸರಿನ ಬೇರು

ಹೊರದೇಶದ ಹೆಸರನ್ನು ನೋಡುವಾಗ ಅದು ಯಾವ ಭಾಷಾ ಬಳಗದ್ದು ಎಂದು ಮೊದಲು ಗುರುತಿಸಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಹೀಬ್ರೂ ಮೂಲದವು: ಹನ್ನಾ, ಆನ್ (ಕೃಪೆ), ಸಾರಾ (ರಾಜಕುಮಾರಿ), ತಾಮರ್ (ಖರ್ಜೂರದ ಮರ), ಸುಸಾನ್ (ನೈದಿಲೆಯಂಥ ಲಿಲಿ ಹೂವು), ಡೆಬೊರಾ (ಜೇನುನೊಣ, ನಮ್ಮ ಭ್ರಮರಾಂಬೆಯನ್ನು ಪಕ್ಕದಲ್ಲಿಟ್ಟು ನೋಡಿ). ಗ್ರೀಕ್ ಮೂಲದವು: ಸೋಫಿಯಾ (ಅರಿವು), ಐರೀನ್ (ಶಾಂತಿ), ಝೋಯಿ (ಬದುಕು), ಕ್ಲೋಯಿ (ಎಳೆ ಹಸಿರು ಚಿಗುರು). ಅರಬ್ಬಿಯಿಂದ ಆಯಿಶಾ (ಬದುಕಿರುವವಳು), ನೂರ್ (ಬೆಳಕು), ಲೈಲಾ (ಇರುಳು), ಜಮೀಲಾ (ಚೆಲುವೆ). ಪಾರಸಿಯಿಂದ ಶಿರೀನ್ (ಸಿಹಿ), ಗುಲ್ನಾರ್ (ದಾಳಿಂಬೆ ಹೂ), ಯಾಸ್ಮಿನ್ (ಮಲ್ಲಿಗೆ). ಮೈಸೂರು ಮಲ್ಲಿಗೆಯ ಊರಿನವರಿಗೆ ಯಾಸ್ಮಿನ್ ಹೊರಗಿನವಳೆಂದು ಅನ್ನಿಸಬೇಕಿಲ್ಲ.

ಬೇರು ಹಿಡಿದು ಹೋದಾಗ ದೂರದ ಹೆಸರುಗಳು ನೆಂಟರಾಗಿ ಸಿಗುತ್ತವೆ. ನಮ್ಮ ತಾರಾ, ಪಾರಸಿಯ ಸಿತಾರಾ, ಲ್ಯಾಟಿನ್‌ನ ಸ್ಟೆಲ್ಲಾ, ಮೂರೂ ನಕ್ಷತ್ರ, ಮೂರೂ ಒಂದೇ ಹಳೆಯ ಬೇರಿನ ಕುಡಿಗಳು. ರಷ್ಯಾದ ಸ್ವೆತ್ಲಾನಾದಲ್ಲಿರುವ 'ಸ್ವೆತ್' (ಬೆಳಕು) ನಮ್ಮ 'ಶ್ವೇತ'ದ ದಾಯಾದಿ. ಐರ್ಲೆಂಡಿನ ಬ್ರಿಜಿಡ್ ಹೆಸರಿಗೂ ಸಂಸ್ಕೃತದ 'ಬೃಹತೀ' ಪದಕ್ಕೂ ಒಂದೇ ಮೂಲ. ಪಾರಸಿಯ ಪರ್ವೀನ್ ಎಂದರೆ ನಮ್ಮ ಕೃತ್ತಿಕಾ ನಕ್ಷತ್ರಪುಂಜ. ಇಲ್ಲಿ ಪದ ಬೇರೆ, ನೋಡಿದ ಆಕಾಶ ಒಂದೇ.

ಇದೇ ಜಾಗದಲ್ಲಿ ಎಡವುವುದೂ ಸುಲಭ, ಸದ್ದು ಒಂದಾದ ಮಾತ್ರಕ್ಕೆ ಬೇರು ಒಂದಾಗುವುದಿಲ್ಲ. ಐರ್ಲೆಂಡಿನಲ್ಲಿ ತಾರಾ ಎಂಬುದು ಹಳೆಯ ಅರಸರ ಬೆಟ್ಟವೊಂದರ ಹೆಸರು, ಅದಕ್ಕೂ ನಕ್ಷತ್ರಕ್ಕೂ ಸಂಬಂಧವಿಲ್ಲ. 'ಹನಾ' ಜಪಾನಿನಲ್ಲಿ ಹೂವು, ಕೊರಿಯಾದಲ್ಲಿ 'ಒಂದು', ಅರಬ್ಬಿಯಲ್ಲಿ ನೆಮ್ಮದಿ. 'ಅರೋಹಾ' ನ್ಯೂಜಿಲೆಂಡಿನ ಮಾವೊರಿ ಜನರಿಗೆ ಪ್ರೀತಿ, ನಮಗೆ ಸಂಗೀತ ಪಾಠದ ಆರೋಹ. ಜಪಾನಿ ಹೆಸರುಗಳಲ್ಲಿ ಇನ್ನೂ ಒಂದು ತೊಡಕಿದೆ. ಅರ್ಥ ಇರುವುದು ಬರೆಯುವ ಚಿತ್ರಾಕ್ಷರದಲ್ಲಿ, ಉಚ್ಚಾರಣೆಯಲ್ಲಿ ಅಲ್ಲ. 'ಯುಕಿ' ಎಂದಷ್ಟೇ ಹೇಳಿದರೆ ಹಿಮವೋ ಸಂತೋಷವೋ ಅಕ್ಷರ ನೋಡದೆ ಹೇಳಲಾಗದು. ಜಪಾನಿ ಹೆಸರಿಗೆ ಒಂದೇ ಅರ್ಥ ಕೊಟ್ಟು ಸುಮ್ಮನಾಗುವ ಪಟ್ಟಿಯನ್ನು ನಂಬಬೇಡಿ.

ಯಾವ ಬೇರೂ ಇಲ್ಲದೆ ಒಬ್ಬರ ಲೇಖನಿಯಿಂದ ಹುಟ್ಟಿದ ಹೆಸರುಗಳೂ ಇವೆ. ಮೈರಾ ಎಂಬುದನ್ನು ಇಂಗ್ಲಿಷ್ ಕವಿ ಫುಲ್ಕ್ ಗ್ರೆವಿಲ್ (1554–1628) ತನ್ನ ಪ್ರೇಮಕವಿತೆಗಳಿಗೆಂದು ಕಟ್ಟಿದ. ವನೆಸ್ಸಾ ಹೆಸರನ್ನು ಲೇಖಕ ಜೊನಾಥನ್ ಸ್ವಿಫ್ಟ್ ತನ್ನ ಗೆಳತಿಯೊಬ್ಬಳ ಹೆಸರು, ಮನೆತನದ ಹೆಸರುಗಳ ತುಂಡು ಸೇರಿಸಿ ಮಾಡಿದ. ಇವಕ್ಕೆ ಸಂಸ್ಕೃತದ ಅರ್ಥ ಕೊಡುವುದು ಸುಳ್ಳು. ಆದರೆ ಹೆಸರು ಇಷ್ಟವಾಗಿದ್ದರೆ ಇಡಬಾರದೆಂದೇನೂ ಇಲ್ಲ, ಅದರ ನಿಜವಾದ ಹುಟ್ಟನ್ನೇ ಮಗಳಿಗೆ ಹೇಳಿ. ಆಫ್ರಿಕಾದ ಘಾನಾ ದೇಶದ ಅಕಾನ್ ಜನ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ: ಮಂಗಳವಾರದ ಹೆಣ್ಣು ಅಬೆನಾ, ಶುಕ್ರವಾರದವಳು ಅಫುವಾ. ಶನಿವಾರ ಹುಟ್ಟಿದ ಮಗುವಿಗೆ ಅಬೆನಾ ಅಂತಿಟ್ಟರೆ ಬಲ್ಲವರಿಗೆ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ಸಂಸ್ಕೃತ, ಕನ್ನಡದ ಹೆಸರನ್ನು ಪರೀಕ್ಷಿಸುವುದು

ಪದವನ್ನು ಕತ್ತರಿಸಿ ನೋಡಿ. ಅನನ್ಯಾ: ನ + ಅನ್ಯಾ, ಬೇರೊಬ್ಬಳಿಲ್ಲದವಳು. ಇಂಚರ: ಇನಿದಾದ ಸರ, ಅಂದರೆ ಸಿಹಿಯಾದ ದನಿ, ಕನ್ನಡದ ಸೊಗಸಾದ ಹೆಸರು. ಸಿರಿ ಎಂಬುದು 'ಶ್ರೀ'ಯ ಕನ್ನಡ ರೂಪ. ಹೀಗೆ ಕತ್ತರಿಸಲು ಬಾರದ, ಯಾವ ನಿಘಂಟಿನಲ್ಲೂ ಸಿಗದ ಪದಕ್ಕೆ 'ದೇವಿಯ ಕೃಪೆ' ಎಂದೋ 'ಲಕ್ಷ್ಮಿ' ಎಂದೋ ಅರ್ಥ ಕೊಟ್ಟಿದ್ದರೆ ಅದು ಇತ್ತೀಚೆಗೆ ಕಟ್ಟಿದ ಹೆಸರು ಎಂದೇ ತಿಳಿಯಿರಿ.

ಒಂದು ಅಕ್ಷರ ಜಾರಿದರೆ ಏನಾಗುತ್ತದೆ ನೋಡಿ. ಅಸ್ಮಿತಾ ಎಂದರೆ 'ನಾನು ಇದ್ದೇನೆ' ಎಂಬ ಭಾವ. ಇಂದಿನ ಕನ್ನಡದಲ್ಲಿ ಅಸ್ಮಿತೆ ಎಂದರೆ ತನ್ನತನ, ಯೋಗಶಾಸ್ತ್ರದಲ್ಲಿ ಅದೇ ಐದು ಕ್ಲೇಶಗಳಲ್ಲಿ ಒಂದು. ಅದನ್ನು ಅಶ್ಮಿತಾ ಎಂದು ಬರೆದರೆ 'ಅಶ್ಮ' ಒಳಗೆ ಬಂತು, ಅಶ್ಮ ಎಂದರೆ ಕಲ್ಲು. ಅನಘಾ ಪಾಪವಿಲ್ಲದವಳು, ಒತ್ತು ಬಿಟ್ಟು ಅನಗಾ ಎಂದರೆ ಆ ಅರ್ಥವೇ ಹೋಯಿತು. ಪನ್ನಗ ಹಾವು, ರೇಣು ಧೂಳು ಅಥವಾ ಹೂವಿನ ಪರಾಗ. ಇಡಬಾರದೆಂದಲ್ಲ, ತಿಳಿದು ಇಡಿ.

ನೋಡಬೇಕಾದ ನಿಘಂಟುಗಳು ಕಷ್ಟದವಲ್ಲ. ಕನ್ನಡಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, 1894ರ ಕಿಟೆಲ್ ನಿಘಂಟು. ಸಂಸ್ಕೃತಕ್ಕೆ 1899ರ ಮೋನಿಯರ್ ವಿಲಿಯಮ್ಸ್ ನಿಘಂಟು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ಜಾಲತಾಣದಲ್ಲಿ ಹಲವು ಭಾಷೆಗಳ ನಿಘಂಟುಗಳಿವೆ.

ನಕ್ಷತ್ರದ ಅಕ್ಷರ ಬಂದಾಗ

ಮಗು ಹುಟ್ಟಿದಾಗ ಚಂದ್ರನಿದ್ದ ನಕ್ಷತ್ರದ ಪಾದಕ್ಕೆ, ಅಂದರೆ ಕಾಲು ಭಾಗಕ್ಕೆ, ಹೇಳಿದ ಅಕ್ಷರದಿಂದ ಹೆಸರು ಶುರುವಾಗಬೇಕು ಅನ್ನುವ ರೂಢಿ ಇದೆ. 27 ನಕ್ಷತ್ರ, ತಲಾ 4 ಪಾದ, ಒಟ್ಟು 108 ಅಕ್ಷರ. ಚಂದ್ರ ಒಂದು ಪಾದ ದಾಟಲು ಸುಮಾರು 6 ಗಂಟೆ ಹಿಡಿಯುತ್ತದೆ. ಮಗು ಪಾದದ ಅಂಚಿನಲ್ಲಿ ಹುಟ್ಟಿದ್ದರೆ ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ ಅಕ್ಷರ ಬದಲಾಗಬಹುದು. ಆದ್ದರಿಂದ ಹುಟ್ಟಿದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟುಕೊಂಡು, ಮನೆಯವರು ನಂಬುವ ಒಂದೇ ಪಂಚಾಂಗಕ್ಕೆ ಅಂಟಿಕೊಳ್ಳಿ. ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಾಕ್ಕೆ ಪು, ಷ, ಣ, ಠ. ಙ, ಣ ಅಕ್ಷರಗಳಿಂದ ಹೆಸರು ಎಲ್ಲಿಂದ ತರುವುದು? ಅರ್ಥವಿಲ್ಲದ ಹೆಸರುಗಳು ಹುಟ್ಟುವುದೇ ಇಂಥ ಕಡೆ. ಇದಕ್ಕೆ ಹಿರಿಯರ ದಾರಿಯೇ ಇದೆ: ಆ ಅಕ್ಷರದ್ದು ಜನ್ಮನಾಮವಾಗಿ ಪೂಜೆ, ಸಂಕಲ್ಪಕ್ಕೆ ಇರಲಿ, ದಾಖಲೆಗೂ ಕರೆಯುವುದಕ್ಕೂ ಬೇರೆ ಹೆಸರು ಇಡಿ. ಮನೆಯ ಸಂಸ್ಕಾರಗಳನ್ನು ಹೇಳುವ ಹಳೆಯ ಗ್ರಂಥ ಪಾರಸ್ಕರ ಗೃಹ್ಯಸೂತ್ರ ಹೆಣ್ಣು ಮಗುವಿನ ಹೆಸರಿನಲ್ಲಿ ಬೆಸ ಸಂಖ್ಯೆಯ ಅಕ್ಷರವಿರಲಿ, ಕೊನೆಗೆ 'ಆ' ಸ್ವರವಿರಲಿ ಅನ್ನುತ್ತದೆ. ಶಾಸ್ತ್ರ ನೋಡುವ ಮನೆಯಾದರೆ ಇದನ್ನೂ ನೋಡಿಕೊಳ್ಳಿ.

ಕೂಗಿ ನೋಡಿ, ಬರೆದು ನೋಡಿ

ಮಗುವನ್ನು ಎತ್ತಿ ಆಡಿಸುವವರೆಲ್ಲರ ಬಾಯಲ್ಲಿ ಹೆಸರು ಹೇಗೆ ಬರುತ್ತದೆಂದು ತೊಟ್ಟಿಲು ಶಾಸ್ತ್ರಕ್ಕೆ ಮೊದಲೇ ಕೇಳಿಸಿಕೊಳ್ಳಿ. ಮಂಡ್ಯದ ಹಳ್ಳಿಗಳ ಮಾತಿನಲ್ಲಿ ಹಕಾರ ಉದುರುತ್ತದೆ, ಶಕಾರ ಸಕಾರವಾಗುತ್ತದೆ. ಹೇಮಾ ಏಮಾ ಆಗುತ್ತಾಳೆ, ಹರ್ಷಿತಾ ಅರ್ಸಿತಾ. ಶಶಿ 'ಸಸಿ' ಆಗುತ್ತಾಳೆ. ಅದರಲ್ಲಿ ನಾಟಿಯ ಸಸಿಯೂ ಇದೆ, ಹಳಗನ್ನಡದಲ್ಲಿ ಚಂದ್ರನಿಗೆ ಇದ್ದ 'ಸಸಿ' ಎಂಬ ಪದವೂ ಇದೆ. ಹಾಗೆ ಕರೆದರೆ ನಿಮಗೆ ಹಿತವೋ ಅಲ್ಲವೋ ನೋಡಿ. ಹಿತವಲ್ಲದಿದ್ದರೆ ಹೆಸರನ್ನು ಬದಲಿಸಿ, ಅಜ್ಜಿಯ ನಾಲಿಗೆಯನ್ನು ತಿದ್ದಲು ಹೋಗಬೇಡಿ.

ಇಂಗ್ಲಿಷ್ ಕಾಗುಣಿತವನ್ನು ನಾಮಕರಣದ ದಿನವೇ ನಿಶ್ಚಯಿಸಿ. ನಾವು 'ತ' ಬರೆಯಲು ಟಿ ಜೊತೆ ಎಚ್ ಹಾಕುತ್ತೇವೆ, ಉತ್ತರ ಭಾರತದವರು ಅದನ್ನು 'ಥ' ಎಂದು ಓದುತ್ತಾರೆ. ಯಾವುದಾದರೂ ಸರಿ, ಎಲ್ಲ ದಾಖಲೆಯಲ್ಲಿ ಒಂದೇ ಇರಲಿ. ಊರಿನ, ತಂದೆಯ ಇನಿಷಿಯಲ್ ಹಾಕುವ ರೂಢಿ ನಮ್ಮದು. ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಪೂರ್ತಿ ಬರೆಯಬೇಕಾಗುತ್ತದೆ. ಹಾಗಾಗಿ ಮೊದಲೇ ಬಿಡಿಸಿ ಬರೆಸುವುದು ಮೇಲು.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಗೊತ್ತಾಗಿಲ್ಲದಿದ್ದರೆ ಆ ಜಾಗ ಖಾಲಿ ಬಿಟ್ಟೇ ನೋಂದಣಿ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ, 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಿದರೆಂದು ಗಾಬರಿಯಲ್ಲಿ ಯಾವುದೋ ಹೆಸರು ಬರೆಸಬೇಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಪಾಸ್‌ಪೋರ್ಟಿಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅರ್ಜಿಯಲ್ಲಿ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನ ದೊಡ್ಡಕ್ಷರದಲ್ಲೂ ಬಿಡಿಬಿಡಿಯಾಗಿ ನೀವೇ ಬರೆದುಕೊಡಿ, ಬಾಯಲ್ಲಿ ಹೇಳಿ ಬರೆಸಬೇಡಿ. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರ್ ಬಿಟ್ಟು ಕದಲುವ ಮೊದಲು ದೀರ್ಘ, ಒತ್ತಕ್ಷರ, ಸ-ಶ-ಷ, ಲ-ಳ ಒಂದೊಂದನ್ನೂ ಬೆರಳಿಟ್ಟು ಓದಿ.