ಶಿಂಗ್ ಮುನ್ ಸುರಂಗ, ಸಾಯ್ ಕುಂಗ್ ಗವಿ: ನಾನು ನೋಡುವ ರೀತಿ

ಹಾಂಗ್‌ಕಾಂಗ್‌ಗೆ ಬರುವ ನಮ್ಮ ಕಡೆಯವರು ಜಾಸ್ತಿ ಪಾಲು ವಿಕ್ಟೋರಿಯಾ ಪೀಕ್ ಬೆಟ್ಟ, ಡಿಸ್ನಿಲ್ಯಾಂಡ್ ನೋಡಿ ಹೊರಟುಬಿಡುತ್ತಾರೆ. ಒಂದು ದಿನ ಶಿಂಗ್ ಮುನ್ ಗುಡ್ಡಕ್ಕೆ ಇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ತ್ಸುನ್ ವಾನ್‌ನಿಂದ 82ನೇ ನಂಬರಿನ ಮಿನಿಬಸ್ ಜಲಾಶಯದ ಹತ್ತಿರ ಇಳಿಸುತ್ತದೆ. ತಿಂಡಿ ಪೊಟ್ಟಣ ಬ್ಯಾಗಿನೊಳಗಿರಲಿ, ಅಲ್ಲಿ ಕೋತಿ ಕಾಟ.

ಈ ಗುಡ್ಡದೊಳಗೆ ಬ್ರಿಟಿಷರ ಹಳೇ ಕೋಟೆಯೊಂದರ ಸುರಂಗಗಳಿವೆ. ನಾನು ನೇರ ಅವುಗಳಿಗೆ ನುಗ್ಗುವುದಿಲ್ಲ. ಮೊದಲು ಗುಡ್ಡದ ಮೇಲೆಲ್ಲ ಓಡಾಡುತ್ತೇನೆ. ಗಾಳಿಕೊಳವೆಗಳ ಬಾಯಿ ಎಲ್ಲಿದೆ, ಮಣ್ಣು ಎಲ್ಲಿ ಕುಸಿದಿದೆ ನೋಡಿಕೊಂಡರೆ ಒಳಗೆ ದಿಕ್ಕು ತಪ್ಪುವುದಿಲ್ಲ. 1930ರ ದಶಕದಲ್ಲಿ ಬ್ರಿಟಿಷರು ಕಟ್ಟಿದ ಈ ಕೋಟೆ ಒಂದೇ ರಾತ್ರಿಯಲ್ಲಿ ಯಾಕೆ ಬಿತ್ತು ಅನ್ನುವುದೂ ಮೇಲೆ ನಿಂತಾಗಲೇ ತಿಳಿಯುತ್ತದೆ. 1941ರ ಡಿಸೆಂಬರ್ 9ರ ರಾತ್ರಿ ಜಪಾನಿ ಸೈನಿಕರು ಕತ್ತಲಲ್ಲೇ ಹತ್ತಿ ಬಂದರು. ಇಷ್ಟು ದೊಡ್ಡ ಜಾಗ ಕಾಯಲು ಇದ್ದವರು ಸುಮಾರು 40 ಜನ. ದಾಳಿಕೋರರು ಗಾಳಿಕೊಳವೆಗಳೊಳಗೆ ಗ್ರೆನೇಡ್ ಎಸೆದರು. ಆ ಬಾಯಿಯಲ್ಲಿ ಇಣುಕಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸುರಂಗಗಳಿಗೆ ಲಂಡನ್ ಬೀದಿಗಳ ಹೆಸರು: ಶಾಫ್ಟ್ಸ್‌ಬರಿ ಅವೆನ್ಯೂ, ರೀಜೆಂಟ್ ಸ್ಟ್ರೀಟ್, ಚೇರಿಂಗ್ ಕ್ರಾಸ್. ಮನೆಯಿಂದ ಎಷ್ಟೋ ದೂರ ಬಂದ ಹುಡುಗರು ಊರಿನ ಹೆಸರು ಓದುತ್ತಾ ಇಲ್ಲಿ ಓಡಾಡಿದ್ದಾರೆ ಅಲ್ವಾ! ಒಂದು ಗೋಡೆಯಲ್ಲಿ ಗೆದ್ದವರ ಕೆತ್ತನೆಯೂ ಇದೆ. ಈ ಜಾಗವನ್ನು ವಾಕಾಬಾಯಾಶಿ ತುಕಡಿ ಹಿಡಿಯಿತು ಅಂತ. ಇಂಥ ಕೆತ್ತನೆಗೆ ಟಾರ್ಚ್ ನೇರ ಬಿಟ್ಟರೆ ಏನೂ ಕಾಣದು. ಗೋಡೆಗೆ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ, ಒಂದೊಂದು ಗೀರೂ ಎದ್ದು ಬರುತ್ತದೆ. ಹಣೆಗೊಂದು ಲೈಟು, ಜೇಬಲ್ಲಿ ಇನ್ನೊಂದು, ತಲೆಗೆ ಹೆಲ್ಮೆಟ್ ಇರಲೇಬೇಕು. ಒಬ್ಬರೇ ಹೋಗಬೇಡಿ. ಮಳೆ ಬಿದ್ದ ಮಾರನೇ ದಿನ ನಾನು ಹೋಗುವುದಿಲ್ಲ. ಬಾವಲಿ ನೇತಾಡುತ್ತಿದ್ದರೆ ಸುಮ್ನೆ ಹಿಂದಿರುಗುತ್ತೇನೆ.

ಸಮುದ್ರದ ಗವಿಗಳಿಗೆ ಸಾಯ್ ಕುಂಗ್ ಕಡೆ ಹೋಗಬೇಕು. ಅಲ್ಲಿನ ಬ್ಲಫ್ ದ್ವೀಪದ ಆರು ಮೂಲೆಯ ಕಲ್ಲಿನ ಕಂಬಗಳನ್ನು ಕಂಡಾಗ ನನಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವೇ ನೆನಪಾಯಿತು. ಎರಡು ಕಡೆಯೂ ಜ್ವಾಲಾಮುಖಿ ಕಕ್ಕಿದ್ದು ಆರುತ್ತಾ ಕುಗ್ಗಿ, ಬಿರಿದು ಕಂಬಗಳಾಗಿವೆ. ಬ್ಲಫ್ ದ್ವೀಪದವಕ್ಕೆ ಸುಮಾರು 14 ಕೋಟಿ ವರ್ಷ. ಅಲೆಗಳು ಆ ಬಿರುಕುಗಳನ್ನೇ ಕೊರೆದು ಗವಿ ಮಾಡಿವೆ.

ಕಯಾಕ್‌ನಲ್ಲಿ ಹೋದಾಗ ಗವಿಯ ಬಾಯಿಂದ ದೂರ ನಿಂತು ಅಲೆಗಳನ್ನೇ ನೋಡುತ್ತೇನೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವಿನ ಶಾಂತಿ ನಂಬುವಂಥದ್ದಲ್ಲ. ಒಳಗೆ ಹೋಗುವಾಗ ಹಿಮ್ಮುಖ ಹುಟ್ಟು ಹಾಕುತ್ತೇನೆ. ಆಗ ಬರುವ ಅಲೆ ಕಣ್ಣೆದುರೇ ಇರುತ್ತದೆ, ಹೊರಬರಲು ದೋಣಿ ತಿರುಗಿಸುವ ಗೋಜಿಲ್ಲ. ಅಲೆ ಏರಿದಷ್ಟು ಎತ್ತರಕ್ಕೆ ಗೋಡೆ ಹಸಿಯಾಗಿರುತ್ತದೆ, ಆ ಗೆರೆಯನ್ನೂ ನೋಡುತ್ತೇನೆ. ಅದು ನನ್ನ ತಲೆಗಿಂತ ಮೇಲಿದ್ದರೆ ಆ ದಿನ ಗವಿ ಹೊರಗಿನಿಂದಷ್ಟೇ.